ದೋಣಿ ನೋಡಲು ಹೋಗಿ ಗಾಡಿ ಒಪ್ಪಿದ್ದು

ಗೊತ್ತಿಲ್ಲದ ವಸ್ತು ಕೊಳ್ಳಲು ಹೋದಾಗ ನಾನು ಅದರಲ್ಲಿ ನನಗೆ ಗೊತ್ತಿರುವ ಭಾಗವನ್ನಷ್ಟೇ ನೋಡುತ್ತೇನೆ. ಫ್ರಿಜ್ ತರುವಾಗ ಅದರ ಯಂತ್ರದ ವಿಚಾರ ಕೇಳಿದವಳಲ್ಲ, ಮೊಸರಿನ ಪಾತ್ರೆಯನ್ನೇ ಅಂಗಡಿಗೆ ಒಯ್ದು ಒಳಗಿಟ್ಟು ಬಾಗಿಲು ಮುಚ್ಚುತ್ತದೆಯೇ ಎಂದು ನೋಡಿದವಳು. ಅಂಗಡಿಯವನು ನಕ್ಕ, ನಮ್ಮ ಯಜಮಾನರು ಪಕ್ಕದ ಟೀವಿಗಳನ್ನು ನೋಡುವ ಹಾಗೆ ನಟಿಸಿದರು. ಆದರೆ ಆ ಫ್ರಿಜ್‌ನಲ್ಲಿ ಮೊಸರು ಒಂದು ದಿನವೂ ಹುಳಿಯಾಗಲಿಲ್ಲ, ನಂಜುಂಡೇಶ್ವರನ ದಯೆ. ಇಂಥವಳ ಪಾಲಿಗೆ ಆ ದೇವರು ಒಂದು ಮೋಟಾರು ದೋಣಿ ಆರಿಸುವ ಕೆಲಸ ಹಚ್ಚಿದ. ಅದೂ ಕುವೈತಿನಲ್ಲಿ, ಅದೂ ಸೆಕೆಂಡ್ ಹ್ಯಾಂಡ್.

ದೋಣಿಯ ಹುಚ್ಚು ಹಿಡಿದದ್ದು ನಮ್ಮ ಯಜಮಾನರಿಗೆ. ಅವರು ಹುಣಸೂರಿನ ಕಡೆಯವರು, ಬಾಳೆದಿಂಡಿನ ತೆಪ್ಪ ಕಟ್ಟಿಕೊಂಡು ಊರ ಕೆರೆಯಲ್ಲಿ ಬೆಳೆದವರು. ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಇಡೀ ವಾರ ಬೆಂಕಿ, ಹೊಗೆ, ಪೈಪುಗಳ ನಡುವೆ ಇದ್ದು ಬರುವ ಮನುಷ್ಯನಿಗೆ ರಜೆಯ ಶುಕ್ರವಾರವಾದರೂ ನೀರು ಬೇಕೆನಿಸುವುದು ಸಹಜ. ನನಗೋ ನೀರೆಂದರೆ ಕಪಿಲೆ. ಕಪಿಲೆಯೆಂದರೆ ಮೊಣಕಾಲು ಮಟ್ಟ ಇಳಿದು, ಸೋಪಾನದ ಸರಪಳಿ ಹಿಡಿದು, ಮೂರು ಸಲ ಮುಳುಗಿ ಓಡಿಬರುವುದು. ಸಮುದ್ರದ ಮೇಲೆ ಕೂರು ಅಂದರೆ ಕೂರುವುದುಂಟೇ?

"ಸಮುದ್ರ ಅಲ್ಲ ಕಣೇ, ಖೀರಾನಿನ ಹಿನ್ನೀರು. ಅಲೆಯೇ ಇಲ್ಲ. ಕೆರೆ ಅಂದುಕೋ" ಎಂದರು.

"ಕೆರೆಗೆ ಆಚೆ ದಡ ಇರುತ್ತೆ" ಎಂದೆ.

"ಇದಕ್ಕೂ ಇದೆ, ಇರಾನು" ಎಂದು ಮಗಳು ಸ್ಮಿತಾ ಇಂಗ್ಲಿಷಿನಲ್ಲಿ ಹೇಳಿ ಅಪ್ಪನ ಕಡೆ ಸೇರಿಕೊಂಡಳು. ಚಿಕ್ಕವನು ರಘು ಆಗಲೇ ಬಾತ್‌ರೂಮಿನ ಬಕೆಟ್ಟಿನಲ್ಲಿ ಕೂತು ಹುಟ್ಟು ಹಾಕುತ್ತಿದ್ದ. ಹೀಗೆ ಮನೆಯೇ ನನಗೆದುರಾಗಿ ನಿಂತಾಗ ನಾನು ಒಂದು ಷರತ್ತು ಹಾಕಿದೆ: ದೋಣಿ ನಾನು ನೋಡಿ ಒಪ್ಪಬೇಕು. ಯಾವುದನ್ನೂ ಒಪ್ಪದಿದ್ದರಾಯಿತು ಎಂಬುದು ಒಳಗಿನ ಲೆಕ್ಕ.

ನೋಡಲು ಹೋಗುವಾಗ ಜೊತೆಗೆ ಹಮೀದ್ ಭಾಯಿ. ಮೈದಾನ್ ಹವಲ್ಲಿಯ ನಮ್ಮ ಕಟ್ಟಡದಲ್ಲೇ ಕೆಳಗಿನ ಮನೆಯವರು, ಮಂಗಳೂರು ಕಡೆಯ ಬ್ಯಾರಿಗಳು, ಕಾರಿನ ಬಿಡಿಭಾಗದ ಅಂಗಡಿ. ಅರಬ್ಬಿ ಬಲ್ಲವರು, ಇಂಜಿನ್ ಬಲ್ಲವರು. ಅವರ ಹೆಂಡತಿ ಆಯಿಶಾಗೆ ಆಗ ಬಾಣಂತನ. ತವರಿಂದ ಯಾರೂ ಬರಲಾಗದೆ ನಾನೇ ಮೆಣಸಿನ ಸಾರು, ಬೆಳ್ಳುಳ್ಳಿ ಚಟ್ನಿಪುಡಿ ಕೊಂಡೊಯ್ಯುತ್ತಿದ್ದೆ. ಆ ಋಣಕ್ಕೆ ಅವರು ನಮ್ಮ ದೋಣಿಯ ದಲ್ಲಾಳಿಯಾದರು.

ಮೊದಲನೆಯ ದೋಣಿಯ ಇಂಜಿನ್ನು ಶುರುವಾದದ್ದೇ ನನ್ನ ಕಿವಿ ಮುಚ್ಚಿಹೋಯಿತು, ಬೇಡ ಎಂದೆ. ಎರಡನೆಯದರಲ್ಲಿ ಮೀನಿನ ವಾಸನೆ. ಒಡೆಯ ಸೆಂಟು ಸಿಂಪಡಿಸಿದ್ದ, ಸೆಂಟು ಹಚ್ಚಿಕೊಂಡ ಮೀನಿನ ವಾಸನೆ ಬರುತ್ತಿತ್ತು. "ಸಾವಿತ್ರಕ್ಕ, ಎಂಥದು ನೀವು? ಸಮುದ್ರದಲ್ಲಿ ಮೀನು ಇರದೆ ಮಲ್ಲಿಗೆ ಇರ್ತದಾ?" ಎಂದು ಹಮೀದ್ ಭಾಯಿ ನಕ್ಕರು. ಮೂರನೆಯದು ಊರಿಗೆ ವಾಪಸಾಗುತ್ತಿದ್ದ ಒಬ್ಬ ಈಜಿಪ್ಟಿನ ಮೇಷ್ಟರದು. ದೋಣಿ ಬಣ್ಣಗೆಟ್ಟಿತ್ತು, ಸೀಟು ಹರಿದಿತ್ತು, ಬುಡದಲ್ಲಿ ತೇಪೆ. ಆದರೆ ಅದನ್ನು ಹೊತ್ತು ನಿಂತ ಗಾಡಿ ಇತ್ತಲ್ಲ, ಕಾರಿನ ಹಿಂದೆ ಕಟ್ಟಿಕೊಂಡು ಎಳೆಯುವಂಥದ್ದು, ನನ್ನ ಕಣ್ಣು ಅಲ್ಲೇ ನಿಂತಿತು. ಹೊಸ ನೀಲಿ ಬಣ್ಣ. ದಪ್ಪ ಕಬ್ಬಿಣ. ಹೊಚ್ಚಹೊಸ ಟಯರು, ಮೇಲೆ ಮಡ್‌ಗಾರ್ಡು, ಪಕ್ಕದಲ್ಲಿ ಸ್ಟೆಪ್ನಿ ಬೇರೆ. ಅದನ್ನು ನೋಡಿದರೆ ನೆಲದ ಮೇಲೆ ಎಲ್ಲಿಗೆ ಬೇಕಾದರೂ ಹೋಗಿಬರಬಹುದು ಎಂಬ ಧೈರ್ಯ ಬರುತ್ತಿತ್ತು.

"ಇದು ಆಗಬಹುದು" ಅಂದುಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ, ತಡವಾಗಿತ್ತು.

ಯಜಮಾನರ ಮುಖ ಮೊರದಗಲವಾಯಿತು. "ದೋಣಿಯಲ್ಲಿ ಏನು ಇಷ್ಟವಾಯ್ತು?"

"ಗಾಡಿ."

ಹಮೀದ್ ಭಾಯಿ ಹಣೆ ಚಚ್ಚಿಕೊಂಡರು. "ಹುಡುಗಿ ನೋಡ್ಲಿಕ್ಕೆ ಹೋಗಿ ಅವಳ ಚಪ್ಪಲಿ ಒಪ್ಪಿದ ಹಾಗಾಯ್ತು ಮಾರಾಯ್ರೇ!"

ದೋಣಿ ಬಂದು ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ ನಿಂತಿತು. ಪೂಜೆಯಾಗದೆ ನಮ್ಮ ಮನೆಯಲ್ಲಿ ಮಿಕ್ಸಿಯೂ ತಿರುಗುವುದಿಲ್ಲ. ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ನಿಂಬೆಹಣ್ಣು ಹಿಡಿದು ನಿಂತರೆ ದೋಣಿಗೆ ಚಕ್ರವೇ ಇಲ್ಲ. ಗಾಡಿಗಿತ್ತು. ಎರಡು ಚಕ್ರದ ಕೆಳಗೂ ಇಟ್ಟು ಮುಂದೆ ಎಳೆಸಿದೆ. "ದೋಣಿಗೆ ಪೂಜೆ ಮಾಡು ಅಂದ್ರೆ ಗಾಡಿಗೆ ಮಾಡಿದೆಯಲ್ಲೇ!" ಎಂದು ಯಜಮಾನರು ಪೇಚಾಡಿದರು. ಚಕ್ರ ಇರುವಲ್ಲಿ ತಾನೆ ನಿಂಬೆಹಣ್ಣು ಇಡುವುದು? ನನ್ನದೇನು ತಪ್ಪು?

ಅಷ್ಟರಲ್ಲಿ ಆಷಾಢ. ಆಷಾಢದಲ್ಲಿ ಹೊಸದೇನನ್ನೂ ಶುರುಮಾಡುವುದಿಲ್ಲ ಎಂದು ಪಟ್ಟು ಹಿಡಿದೆ. ಹೆದರಿಕೆಗೆ ಪಂಚಾಂಗದ ಆಸರೆ ಸಿಕ್ಕಿತು. ಯಜಮಾನರು ಸಂಜೆಸಂಜೆಗೂ ನಿಂತ ದೋಣಿಯಲ್ಲಿ ಹೋಗಿ ಕೂರುತ್ತಿದ್ದರು. ಮಕ್ಕಳು ಹಿಂದೆ, ಇವರು ಸ್ಟಿಯರಿಂಗ್ ಹಿಡಿದು ಮರಳಿನ ಮೇಲೆ ಯಾನ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಪಾಪ ಅನಿಸುತ್ತಿತ್ತು. ಕಡೆಗೆ ನಾನೇ ಹೇಳಿದೆ, ಶ್ರಾವಣ ಬರಲಿ, ವರಮಹಾಲಕ್ಷ್ಮಿ ಶುಕ್ರವಾರ ಪೂಜೆ ಮುಗಿಸಿ ಒಬ್ಬಟ್ಟು ಕಟ್ಟಿಕೊಂಡು ಖೀರಾನಿಗೆ ಹೋಗೋಣ, ನಾನೂ ಕೂರುತ್ತೇನೆ.

ಹಬ್ಬದ ಹಿಂದಿನ ಗುರುವಾರ ಬೆಳಗಾಗುವುದರೊಳಗೆ ಇರಾಕಿನ ಸೈನ್ಯ ಬಂದು ಊರಲ್ಲಿ ಕೂತಿತ್ತು.

ಆ ದಿನಗಳ ಕತೆ ಹೇಳುವವರು ಬೇಕಾದಷ್ಟು ಜನರಿದ್ದಾರೆ, ನಾನು ಹೇಳುವುದಿಲ್ಲ. ನೆನೆಹಾಕಿದ್ದ ಕಡಲೆಬೇಳೆ ಹಾಳಾಗಬಾರದೆಂದು ಶುಕ್ರವಾರ ಒಬ್ಬಟ್ಟು ಮಾಡಿ ಕಟ್ಟಡದವರಿಗೆಲ್ಲ ಹಂಚಿದೆ. ಬಾಗಿಲು ತೆರೆಯಲು ಹೆದರುತ್ತಿದ್ದವರೂ ಒಬ್ಬಟ್ಟು ಅಂದಾಗ ತೆರೆದರು. ಆಮೇಲೆ ಬ್ರೆಡ್ಡಿಗೆ ಸಾಲು, ಗ್ಯಾಸಿಗೆ ಸಾಲು. ತಿಂಗಳು ಕಳೆಯುವ ಹೊತ್ತಿಗೆ ಹೊರಟವರೆಲ್ಲ ಬಸ್ರಾ, ಬಾಗ್ದಾದು ದಾಟಿ ಜೋರ್ಡಾನಿನ ಗಡಿ ಸೇರುತ್ತಿದ್ದರು, ಅಲ್ಲಿಂದ ವಿಮಾನ ಎಂಬ ಸುದ್ದಿ. ದಾರಿಯಲ್ಲಿ ಕುಡಿಯುವ ನೀರಿಲ್ಲ ಎಂಬ ಸುದ್ದಿಯೂ ಇತ್ತು. ನಮ್ಮದು ಒಂದು ಉದ್ದನೆಯ ಹಳೇ ಕಾರು. ನಾವು ನಾಲ್ವರು, ಹಮೀದ್ ಭಾಯಿ, ಆಯಿಶಾ, ಅವಳ ಮಡಿಲಲ್ಲಿ ಹಸುಗೂಸು. ಜನ ಹಿಡಿದರೆ ನೀರು ಹಿಡಿಸದು, ನೀರು ಹಿಡಿದರೆ ಜನ ಹಿಡಿಸರು. ಆಯಿಶಾ ಕೂಸನ್ನು ಅವಚಿಕೊಂಡು, "ನೀವು ಹೋಗಿ ಅಕ್ಕ, ನಾವು ಆಮೇಲೆ ಬರ್ತೇವೆ" ಎಂದಳು. ಆಮೇಲೆ ಎಂದರೆ ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ.

ಹಮೀದ್ ಭಾಯಿ ಕಿಟಕಿಯಿಂದ ಹಿಂದಿನ ಖಾಲಿ ಜಾಗದ ಕಡೆ ನೋಡುತ್ತ ನಿಂತಿದ್ದವರು ತಟ್ಟನೆ ತಿರುಗಿದರು. "ಸಾವಿತ್ರಕ್ಕ! ನಿಮ್ಮ ಚಪ್ಪಲಿ ಉಂಟಲ್ಲ!"

ಕಟ್ಟಡದ ಗಂಡಸರೆಲ್ಲ ಸೇರಿ ದೋಣಿಯನ್ನು ಹಳೇ ಟಯರುಗಳ ಮೇಲೆ ಇಳಿಸಿದರು. ಯಜಮಾನರು ಅದರ ಮೂತಿಯನ್ನು ಒಮ್ಮೆ ತಟ್ಟಿ, ಆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಗಾಡಿಯ ಮೇಲೆ ಹಲಗೆ ಹಾಸಿ ನೀರಿನ ಕ್ಯಾನು, ಅಕ್ಕಿ, ಸ್ಟವ್ವು, ಪೆಟ್ಟಿಗೆಗಳು. ದೇವರನ್ನು ಮಾತ್ರ ಮಡಿಲಲ್ಲಿಟ್ಟುಕೊಂಡೆ. ಹೊರಡುವಾಗ ನಿಂಬೆಹಣ್ಣು ಬೇಡವೇ? ಊರಲ್ಲಿ ತರಕಾರಿಯೇ ಇರಲಿಲ್ಲ. ಅಲ್ಲಿನವರು ಸಾರಿಗೆ ಹಾಕುವ ಒಣಗಿಸಿದ ಕಪ್ಪು ನಿಂಬೆ ಆಯಿಶಾಳ ಡಬ್ಬಿಯಲ್ಲಿತ್ತು. ಯಾರಿಗೂ ಹೇಳದೆ ಚಕ್ರಗಳ ಕೆಳಗಿಟ್ಟು ಬಂದು ಕೂತೆ. ಕಾರು ಹೊರಟಿತು, ಟಪ್! ಟಪ್! ಎಲ್ಲರೂ ತಲೆ ತಗ್ಗಿಸಿ ಒಬ್ಬರ ಮೇಲೊಬ್ಬರು ಬಿದ್ದರು. ಯಜಮಾನರು ಬ್ರೇಕು ಒತ್ತಿದರು. "ಗುಂಡು! ಗುಂಡು!" ಎಂದು ರಘು ಕಿರುಚಿದ.

"ನಿಂಬೆಹಣ್ಣು" ಎಂದೆ.

ಒಬ್ಬೊಬ್ಬರೇ ತಲೆ ಎತ್ತಿದರು. ಆಮೇಲೆ ಆಯಿಶಾ ನಗಲು ಶುರುಮಾಡಿದಳು, ಕಣ್ಣಲ್ಲಿ ನೀರು ಬರುವ ತನಕ. ಆ ತಿಂಗಳಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬಾಗ್ದಾದು ದಾಟಿದ ಮೇಲೆ ಗಾಡಿಯ ಒಂದು ಟಯರು ಸಿಡಿಯಿತು, ಸ್ಟೆಪ್ನಿ ಇತ್ತು. ಒಂದು ಚೆಕ್‌ಪೋಸ್ಟಿನಲ್ಲಿ ಸಿಪಾಯಿ ಗಾಡಿಯನ್ನು ಸುತ್ತಿ ನೋಡಿ, ಇದು ದೋಣಿಯ ಗಾಡಿ, ದೋಣಿ ಎಲ್ಲಿ ಎಂದು ಗದರಿದ. ಹಮೀದ್ ಭಾಯಿ ನನ್ನ ಕಡೆ ಕೈ ತೋರಿಸಿ ಅರಬ್ಬಿಯಲ್ಲಿ ಏನೋ ಹೇಳಿದರು. ಸಿಪಾಯಿ ಬಗ್ಗಿ ನನ್ನ ಮುಖ ನೋಡಿ, ತಲೆಯಾಡಿಸಿ, "ಯಲ್ಲಾ" ಎಂದು ಬಿಟ್ಟ. ಏನು ಹೇಳಿದಿರಿ ಎಂದು ಕೇಳಿದರೆ, "ಇದ್ದದ್ದನ್ನೇ ಅಕ್ಕ. ಈ ಹೆಂಗಸಿಗೆ ಗಾಡಿ ಮಾತ್ರ ಸಾಕಂತೆ ಅಂದೆ." ಗಡಿಯ ಮರಳುಗಾಡಿನಲ್ಲಿ ವಿಮಾನದ ಸರದಿಗೆ ಕಾಯುವಾಗ ಗಾಡಿಗೆ ನನ್ನ ಸೀರೆ ಕಟ್ಟಿದೆವು. ಅದರ ಕೆಳಗಿನ ನೆರಳಲ್ಲಿ ಕೂಸು ನಿದ್ದೆ ಮಾಡಿತು, ತೊಟ್ಟಿಲಲ್ಲಿ ಮಲಗಿದ ಹಾಗೆ. ನಮ್ಮ ಸರದಿ ಬಂದಾಗ ಕಾರನ್ನು ಅಲ್ಲೇ ಬಿಟ್ಟು, ಗಾಡಿಯನ್ನು ಸೀರೆಯ ಸಮೇತ ಹಿಂದಿನ ಸಾಲಿನ ಒಬ್ಬ ಮುದುಕಿಗೆ ಬಿಟ್ಟುಕೊಟ್ಟು, ಅದಕ್ಕೊಂದು ನಮಸ್ಕಾರ ಮಾಡಿ ಬಂದೆ.

ಈಗ ಯುದ್ಧ ಮುಗಿದು ಯಜಮಾನರು ಮೊದಲು ಒಬ್ಬರೇ ಕುವೈತಿನ ಕೆಲಸಕ್ಕೆ ಹಿಂದಿರುಗಿದ್ದಾರೆ. ನಾನು ಮಕ್ಕಳೊಂದಿಗೆ ಮೈಸೂರಿನಲ್ಲಿ ವೀಸಾ ಕಾಯುತ್ತಿದ್ದೇನೆ. ಮೊದಲ ಫೋನು ಬಂದ ದಿನ ರಿಸೀವರ್ ಕಸಿದುಕೊಂಡು ನಾನು ಕೇಳಿದ್ದು, "ದೋಣಿ ಇದೆಯಾ?"

"ಇದೆ ಕಣೇ. ಉರಿಯೋ ಎಣ್ಣೆಬಾವಿಗಳ ಹೊಗೆಗೆ ಮಸಿ ಬಳಿದ ಹಾಗಾಗಿದೆ. ಒಳಗೆ ಬೆಕ್ಕು ಮರಿ ಹಾಕಿದೆ. ಆದ್ರೆ ಗಾಡಿ ಇಲ್ಲದೆ ಸಮುದ್ರಕ್ಕೆ ಒಯ್ಯೋದು ಹೇಗೆ? ನಾಳೆ ಒಂದು ನೋಡ್ತೀನಿ."

"ಬೇಡ ಬೇಡ! ಗಾಡಿ ನಾನು ಬಂದು ನೋಡ್ತೀನಿ. ನಿಮಗೆ ಗಾಡಿ ಏನು ಗೊತ್ತು? ಬೆಕ್ಕಿಗೆ ಹಾಲು ಇಡಿ. ನಾನು ಬರೋ ತನಕ ದೋಣಿ ನೀರಿಗೆ ಇಳಿಸಬೇಡಿ, ನಾನೂ ಕೂರಬೇಕು."

ಆ ಕಡೆಯಿಂದ ನಗು ಕೇಳಿಸಿತು. ಆಮೇಲೆ ಯಜಮಾನರು ಮೆಲ್ಲಗೆ, "ನಾನು ಚೆನ್ನಾಗಿದ್ದೀನಿ ಕಣೇ" ಎಂದರು. ಅದನ್ನು ಕೇಳಲು ನಾನು ಮರೆತೇಬಿಟ್ಟಿದ್ದೆ.