ಅಕ್ಕನ ಇಂಟರ್‌ವ್ಯೂ ಮತ್ತು ನಾನು ಕೆಡವಿದ ಫೈಲು

ನನ್ನ ಮೇಲೆ ನನಗಿರುವ ವಿಶ್ವಾಸ ನೋಡಿದರೆ ಒಮ್ಮೊಮ್ಮೆ ನನಗೇ ಕೈಮುಗಿಯಬೇಕು ಅನ್ನಿಸುತ್ತದೆ!

ಮೊನ್ನೆ ಮಧ್ಯಾಹ್ನ ಅಕ್ಕ ಬಂದು, "ಸುಜಿತ್, ಮೂರು ಗಂಟೆಗೆ ಆನ್‌ಲೈನ್ ಇಂಟರ್‌ವ್ಯೂ ಉಂಟು. ಅವರ ಎದುರೇ ಪ್ರೋಗ್ರಾಮ್ ಬರೀಬೇಕಂತೆ. ಅದನ್ನು ಬರೆಯುವ ಎಡಿಟರಿನ ಆ ಬೊಬ್ಬೆ ಒಂದು ನಿಲ್ಲಿಸಿ ಕೊಡು ಮಾರಾಯ" ಅಂದಳು.

"ಐದು ನಿಮಿಷದ ಕೆಲಸ" ಎಂದು ಅಪ್ಪಣೆ ಕೊಡಿಸಿದೆ.

ಬೊಬ್ಬೆ ನನ್ನದೇ ಸೃಷ್ಟಿ. ಪ್ರೋಗ್ರಾಮಿನಲ್ಲಿ ತಪ್ಪಾದಾಗಲೆಲ್ಲ ಸಿಟಿ ಬಸ್ಸಿನ ಕಂಡಕ್ಟರನ ಸ್ವರ ಬರುವಂತೆ ಮಾಡಿದ್ದೆ. ಮಿಮಿಕ್ರಿ ನನ್ನದು. "ದುಂಬು ಪೋಲೆ, ದುಂಬು ಪೋಲೆ!" ತುಳುವಿನಲ್ಲಿ, ಮುಂದೆ ಹೋಗಿ, ಮುಂದೆ ಹೋಗಿ ಅಂತ. ಇಬ್ಬರಿಗೂ ಲ್ಯಾಪ್‌ಟಾಪ್ ಒಂದೇ, ಫೋಲ್ಡರು ಬೇರೆ ಬೇರೆ. ಒಂದೇ ಮನೆಗೆ ಎರಡೆರಡು ಪಾತ್ರೆ ಬಂಗುಡೆ ಮೀನಿನ ಪುಳಿಮುಂಚಿ ಸಾರು ಯಾಕೆ ಎಂದು ಅಕ್ಕನ ಸೆಟ್ಟಿಂಗ್ಸ್ ಫೈಲನ್ನು ನನ್ನ ಫೈಲಿಗೇ ಲಿಂಕ್ ಮಾಡಿಟ್ಟಿದ್ದೆ.

ಲಿಂಕ್ ಅಂದರೆ ಎಂತ? ಹಂಪನಕಟ್ಟೆಯ ಗಲ್ಲಿಯೊಳಗೆ ಮೀನೂಟದ ಹೋಟೆಲು, ಮೇನ್ ರೋಡಿನಲ್ಲಿ ಬಾಣ ಹಾಕಿದ ಬೋರ್ಡು. ಅಕ್ಕನ ಫೈಲು ಬರೀ ಬೋರ್ಡು. ಬಡಿಸುವುದೆಲ್ಲ ನನ್ನ ಫೈಲು.

ಮಗು ಹುಟ್ಟಿದಾಗ ಕೆಲಸ ಬಿಟ್ಟಿದ್ದ ಅಕ್ಕನಿಗೆ, ಅರ್ಜಿ ಹಾಕಿ ಹಾಕಿ ಸಾಕಾದ ಮೇಲೆ ಬಂದ ಮೊದಲ ಕರೆ ಇದು. ಬೆಳಿಗ್ಗೆಯಿಂದ ಅವಳ ಗಂಟಲಲ್ಲಿ ಗಂಜಿಯೂ ಇಳಿದಿರಲಿಲ್ಲ.

ಫೈಲು ತೆರೆದೆ. ಸೌಂಡ್ ಬೇಡ ಎಂದು ಬರೆದೆ. ನನಗೆ ತಿಳಿಯದೆ ಒಂದು ಅಲ್ಪವಿರಾಮ ಬಿಟ್ಟುಹೋಯಿತು. ಅಷ್ಟಕ್ಕೇ ಎಡಿಟರಿಗೆ ಸಿಟ್ಟು ಬಂದು ಇಡೀ ಫೈಲನ್ನೇ ತಿರಸ್ಕರಿಸಿತು! ನಾನು ಹೊಂದಿಸಿಟ್ಟದ್ದೆಲ್ಲ ಹೋಗಿ ಅಕ್ಷರ ಇರುವೆಯಷ್ಟಾಯಿತು. ನಾನು ಕಡಿಮೆ ಮಾಡಿಟ್ಟಿದ್ದ ಸೌಂಡು ಫುಲ್ ಆಯಿತು.

"ದುಂಬು ಪೋಲೆ!!"

ಅಡುಗೆಮನೆಯಿಂದ ಅಮ್ಮ, "ಎಂತ ಅದು? ಬಸ್ಸು ಮನೆಯೊಳಗೆ ಬಂತಾ?"

ತೊಟ್ಟಿಲಲ್ಲಿ ಮಗು ಎದ್ದು ಅಳತೊಡಗಿತು. ಅಕ್ಕ ಮಗುವನ್ನು ಎತ್ತಿಕೊಂಡು ಗಡಿಯಾರ ನೋಡಿದಳು. ಎರಡೂವರೆ.

"ಆಗ್ತದಾ, ಇಲ್ವಾ? ಸರಿಯಾಗಿ ಹೇಳು."

"ಆಗ್ತದೆ ಅಕ್ಕ. ಲಿಂಕ್ ತೆಗೆದು ನಿನಗೇ ಬೇರೆ ಫೈಲು ಮಾಡಿದರೆ ಮುಗೀತು."

ಬೋರ್ಡು ಕಿತ್ತರೆ ಹೋಟೆಲು ಬೀಳುತ್ತದೆಯೇ? ಇಲ್ಲ. ಈ ಮಹಾಜ್ಞಾನದೊಂದಿಗೆ ಲಿಂಕನ್ನು ಅಳಿಸಿದೆ. ಆದರೆ ಎರಡೂ ಫೈಲಿಗೆ ಒಂದೇ ಹೆಸರು, ಮತ್ತು ನಾನು ಕೂತಿದ್ದದ್ದು ನನ್ನ ಫೋಲ್ಡರಿನಲ್ಲಿ. ಬೋರ್ಡು ಅಲ್ಲೇ ಇತ್ತು. ನಾನು ಕೆಡವಿದ್ದು ಹೋಟೆಲನ್ನು!

ಬೆವರು ಒರೆಸಿಕೊಂಡು, "ಹೆದರಬೇಡ, ಬ್ಯಾಕಪ್ ಉಂಟು" ಅಂದೆ. ತೆರೆದೆ. ಜಾಗ ಉಳಿಸುವ ಬುದ್ಧಿವಂತಿಕೆಯಲ್ಲಿ ಅದನ್ನೂ ಲಿಂಕ್ ಮಾಡಿಟ್ಟಿದ್ದೆ. ಅದೂ ಬೋರ್ಡೇ! ಎರಡು ಬೋರ್ಡು, ಎರಡಕ್ಕೂ ಬಾಣ, ಗಲ್ಲಿಯೊಳಗೆ ಖಾಲಿ ಸೈಟು.

ಹತ್ತು ನಿಮಿಷ ಉಳಿದಿತ್ತು. ಅಕ್ಕ ಮಗುವನ್ನು ನನ್ನ ಕೈಗೆ ಹಾಕಿ, "ಏಳು" ಅಂದಳು. ತನ್ನ ಬೋರ್ಡನ್ನು ಕಿತ್ತು ಬಿಸಾಡಿ, ಅದೇ ಜಾಗದಲ್ಲಿ ಅಕ್ಷರ ದೊಡ್ಡದು, ಸೌಂಡ್ ಬೇಡ ಎಂದು ಎರಡು ಸಾಲಿನ ಹೊಸ ಫೈಲು ಬರೆದಳು. ಗೂಡಂಗಡಿಯಷ್ಟು ಸಣ್ಣದು, ಆದರೆ ಸ್ವಂತದ್ದು! ಬೇಕೆಂದೇ ಒಂದು ತಪ್ಪು ಬರೆದು ನೋಡಿದಳು. ನಾನು ಮಗುವಿನ ಕಿವಿ ಮುಚ್ಚಿದೆ.

ನಿಶ್ಶಬ್ದ.

ಮೂರಕ್ಕೆ ಸರಿಯಾಗಿ ಮೂವರು ಪರದೆಯ ಮೇಲೆ ಬಂದರು. ನಾನು ಮಗುವಿನೊಂದಿಗೆ ಮಂಚದ ಆಚೆ ನೆಲಕ್ಕೆ ಅಂಟಿಕೊಂಡೆ. ಬರೆಯುವುದೆಲ್ಲ ಚಂದ ಮುಗಿಯಿತು. ಕೊನೆಗೊಬ್ಬರು ಕೇಳಿದರು, "ಇತ್ತೀಚೆಗೆ ನೀವು ಬಿಡಿಸಿದ ಕಷ್ಟದ ಸಮಸ್ಯೆ ಯಾವುದು?"

"ಇವತ್ತಿನದ್ದೇ ಉಂಟು ಸರ್, ನನ್ನ ತಮ್ಮ ಮಾಡಿಟ್ಟದ್ದು" ಅಂದಳು ಅಕ್ಕ. ಆಮೇಲೆ ಶುರುಮಾಡಿದಳು ನೋಡಿ, ನನ್ನ ಮಿಮಿಕ್ರಿ! ಮೂಗಿನಲ್ಲಿ ಎಳೆಯುವ "ಐದು ನಿಮಿಷದ ಕೆಲಸ", ಗಂಟಲು ಸರಿಮಾಡಿಕೊಂಡು "ಹೆದರಬೇಡ". ಊರಿನವರನ್ನೆಲ್ಲ ಅಣಕಿಸಿದ ನನಗೆ, ನಾನು ಇಷ್ಟು ಪೆದ್ದನಂತೆ ಮಾತಾಡುವುದು ಗೊತ್ತಿರಲಿಲ್ಲ. ಮೂವರೂ ಬಿದ್ದು ಬಿದ್ದು ನಕ್ಕರು. ಬಾಗಿಲ ಹಿಂದೆ ಅಮ್ಮನೂ ನಕ್ಕಳು. ಮಗು ಕೂಡ!

"ಸೋಮವಾರದಿಂದ ಬರಬಹುದಾ?" ಎಂದು ಕೇಳಿದರು. ಅಕ್ಕ ಕೂಡಲೇ, "ಬರ್ತೇನೆ ಸರ್."

"ಇನ್ನೊಂದು ವಿಷಯ. ನಿಮ್ಮ ತಮ್ಮನೂ ಕೆಲಸ ಹುಡುಕ್ತಿದ್ದಾರಾ?"

ನಾನು ನೆಲದಿಂದ ತಲೆ ಎತ್ತಿದೆ. ಶರ್ಟಿನ ಕಾಲರ್ ಸರಿಮಾಡಿಕೊಂಡೆ.

"ಹೌದು ಸರ್" ಅಂದಳು ಅಕ್ಕ.

"ಹೆಸರು ಹೇಳಿ. ಅರ್ಜಿ ಬಂದರೆ ನಾವು ಹುಷಾರಾಗಿರ್ತೇವೆ."

ಅಕ್ಕ ಹೇಳಿದಳು, ಇನಿಷಿಯಲ್ ಸಮೇತ.