ಅಕ್ಕನ ಮಗ್ಗದ ಕುಣಿಯೂ ನನ್ನ ಕಂಪ್ಯೂಟರಿನ ನೀರೂ

ನೆಂಟರ ಪೈಕಿ ಒಬ್ಬ ಇಂಜಿನಿಯರಿದ್ದರೆ ಅವನಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ನಮ್ಮ ಕಡೆಯ ಜನ ನಂಬಿದ್ದಾರೆ. ಬಾಗಲಕೋಟೆಯ ನವನಗರದ ಒಂದು ಖಾಸಗಿ ಕಚೇರಿಯಲ್ಲಿ ಕಾಲುವೆ, ರಸ್ತೆಗಳ ನಕ್ಷೆ ಮಾಡಿಕೊಂಡಿರುವ ನನ್ನ ಹತ್ತಿರ ಕೆಟ್ಟ ಮಿಕ್ಸರು ಬಂದಿದೆ, ನಿಂತ ಗಡಿಯಾರ ಬಂದಿದೆ, ಅಡುಗೆಮನೆಯ ಬಾಗಿಲು ಯಾವ ದಿಕ್ಕಿಗಿರಬೇಕೆಂಬ ಪ್ರಶ್ನೆಯೂ ಬಂದಿದೆ. ಗೊತ್ತಿಲ್ಲ ಎಂದರೆ "ಭಾಳ ದೊಡ್ಡಾಂವ ಆಗ್ಯಾನ" ಎನ್ನುತ್ತಾರೆ. ಹಾಗಾಗಿ ಮಿಕ್ಸರನ್ನು ಒಮ್ಮೆ ಮಗುಚಿ ನೋಡಿ ಗಂಭೀರವಾಗಿ ತಲೆಯಾಡಿಸುವುದನ್ನು ಕಲಿತಿದ್ದೇನೆ. ಇಂಥವನಿಗೆ ಇಳಕಲ್ಲಿನ ಅಕ್ಕ ಒಂದು ಪ್ರಶ್ನೆ ಕೇಳಿದಾಗ ಖುಷಿಯೇ ಆಯಿತು. ಕೊನೆಗೂ ನಾನು ಓದಿದ್ದಕ್ಕೆ ಸಂಬಂಧಪಟ್ಟ ಪ್ರಶ್ನೆಯೊಂದು ಬಂದಿತ್ತು.

ಅಕ್ಕ ಸೀರೆ ನೇಯುತ್ತಾಳೆ. ಅವಳದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಕೂತು, ಕೆಳಗಿನ ಹಲಗೆ ತುಳಿಯುತ್ತ ನೇಯಬೇಕು. ಬಾಡಿಗೆ ಮನೆಯಲ್ಲಿ ಮಳೆಗಾಲ ಬಂದರೆ ಆ ಕುಣಿಗೆ ನೀರು ಜಿನುಗುತ್ತಿತ್ತು. ಪಾದ ನೆನೆದು ಬಿರಿದು, ಅಕ್ಕ ಮಗ್ಗವನ್ನು ನಿಲ್ಲಿಸಿಬಿಡಬೇಕಾಗುತ್ತಿತ್ತು. ಈಗ ಸ್ವಂತ ಮನೆ ಕಟ್ಟಿಸುವಾಗ ಅವಳಿಗೆ ಬೇಕಾಗಿದ್ದು ಒಂದೇ. "ಮುಂದಿನ ಖೋಲ್ಯಾಗ ಕಿಡಕಿ ಹಂತೇಕ ಕುಣಿ ತೋಡಸ್ತೇನಿ. ಬೆಳಕ ಛಲೋ ಬರತೈತಿ. ಅಲ್ಲೂ ನೀರ ಬರತೈತೇನ ನೋಡಿ ಹೇಳೋ ತಮ್ಮಾ" ಅಂದಳು.

ಹೋದ ಮಳೆಗಾಲದ ಒಂದು ರವಿವಾರ ಕಚೇರಿಯ ಅಳತೆಯ ಉಪಕರಣವನ್ನು ಕೇಳಿ ತೆಗೆದುಕೊಂಡು ಇಳಕಲ್ಲಿಗೆ ಹೋದೆ. ಜಾಗದ ಏರುತಗ್ಗು ಅಳೆದೆ. ಆಸುಪಾಸಿನ ಬಾವಿಗಳಿಗೆ ಹಗ್ಗ ಇಳಿಬಿಟ್ಟು ನೀರಿನ ಮಟ್ಟ ನೋಡಿದೆ. ಹಗ್ಗ ಇಳಿಬಿಟ್ಟ ಮನೆಯಲ್ಲೆಲ್ಲ ಚಹಾ ಕುಡಿಯಲೇಬೇಕಾಯಿತು. ಕೊನೆಯ ಬಾವಿಯ ಹೊತ್ತಿಗೆ ನೀರಿನ ಮಟ್ಟ ನನ್ನೊಳಗೇ ಸಾಕಷ್ಟು ಏರಿತ್ತು.

ಮರುದಿನ ಕಚೇರಿಯ ಕಂಪ್ಯೂಟರಿನಲ್ಲಿ ಆ ಅಳತೆಗಳನ್ನು ತುಂಬಿ ಎರಡು ಹಾಳೆ ಹಾಸಿದೆ. ಒಂದು ನೆಲದ್ದು, ಇನ್ನೊಂದು ಅದರಡಿಯ ನೀರಿನದು. ಎರಡರ ನಡುವಿನ ಅಂತರ ಸಿಕ್ಕರೆ ಕುಣಿಯ ಪ್ರಶ್ನೆ ಮುಗಿಯಿತು. ಆದರೆ ನನಗೆ ಅಕ್ಕನಿಗೆ ತೋರಿಸಲು ಒಂದು ಚಂದದ ಚಿತ್ರವೂ ಬೇಕಿತ್ತು. ಎರಡನ್ನೂ ಸೇರಿಸಿ ಒಂದು ಮಾಡಿದೆ, ಬಣ್ಣ ತುಂಬಿದೆ, ಆಮೇಲೆ ನೆಲಕ್ಕೂ ನೀರಿಗೂ ಇರುವ ಅಂತರ ಕೇಳಿದೆ. ಸೊನ್ನೆ ಎಂದಿತು. ಇಡೀ ಜಾಗದಲ್ಲಿ ನೀರು ನೆಲದ ಮಟ್ಟಕ್ಕೇ ನಿಂತಿದೆ ಎಂದು ಅದರ ಅರ್ಥ. ನಾನು ಎಂದಿನಂತೆ ಗಂಭೀರವಾಗಿ ತಲೆಯಾಡಿಸಿ, ಸಂಜೆ ಮನೆಯಿಂದ ಅಕ್ಕನಿಗೆ ಫೋನ್ ಮಾಡಿ, ಅಲ್ಲಿ ಕುಣಿ ತೋಡುವಂತಿಲ್ಲ ಎಂದೆ.

ಅಕ್ಕ ಜಗಳವಾಡಿದ್ದರೆ ಚೆನ್ನಾಗಿತ್ತು. "ನೀ ನೋಡೀದಿ ಅಂದ ಮ್ಯಾಲ ಖರೇನ ಇರತೈತಿ ಬಿಡು. ಇನ್ನ ಮಗ್ಗಾ ಕೊಟ್ಟಬಿಡೂದು" ಎಂದಳು. ಪಕ್ಕದಲ್ಲೇ ನಿಂತು ಕೇಳಿಸಿಕೊಂಡ ನನ್ನ ಹೆಂಡತಿ, "ಅಕ್ಕಾರು ಮಗ್ಗಾ ಬಿಟ್ಟು ಹೆಂಗ ಇರತಾರ್ರಿ? ಇನ್ನೊಮ್ಮೆ ನೋಡ್ರಿ" ಎಂದಳು. ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂದು ನಾನು ದೊಡ್ಡ ದನಿಯಲ್ಲಿ ಹೇಳಿದೆನಾದರೂ ಆ ದಿನ ಊಟ ಸೇರಲಿಲ್ಲ.

ಕಚೇರಿಯಲ್ಲಿ ನನ್ನ ಎದುರಿನ ಮೇಜಿನ ಇಂಜಿನಿಯರ್ ಶಬಾನಾ ಮೇಡಂ. ಅವರಿಂದ ಒಂದಿಷ್ಟು ಅನುಕಂಪ ಸಿಗಲಿ ಎಂದು ಮರುದಿನ ಚಿತ್ರ ತೋರಿಸಿದೆ. ಅವರು ನೋಡಿದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಏನ್ರಿ ಸರ್, ಎಲ್ಲಾ ಕಡೆ ಸೊನ್ನಿ ಹೆಂಗ ಬರತೈತ್ರಿ? ನೆಲದ ಹಾಳಿ ಮ್ಯಾಲ ನೀರಿಂದು ಅಂಟಿಸೀರಿ. ಕೂಡಿದ ಕಡೆ ಆಮ್ಯಾಲೆ ಅಂಟಿಸಿದ್ದ ಉಳೀತೈತಿ, ನೆಲಾನ ಹೋತು. ನೀವು ನೀರಾಗಿಂದ ನೀರ ಕಳದೀರಿ!"

ನಗುತ್ತಲೇ ಅವರು ನೆಲವನ್ನು ಮೊದಲಿದ್ದಂತೆ ಮಾಡಿ, ಎರಡೂ ಹಾಳೆಗಳನ್ನು ಬೇರೆ ಬೇರೆ ಇಟ್ಟು, ಅಂತರ ತೆಗೆದುಕೊಟ್ಟರು. ಹಿತ್ತಲ ಕಡೆ ನೀರು ಹತ್ತಿರವಿತ್ತು. ಕಿಟಕಿಯ ಹತ್ತಿರ ಮಾತ್ರ ಕುಣಿಯ ತಳಕ್ಕಿಂತ ಬಹಳ ಕೆಳಗಿತ್ತು. ನನಗೆ ಕುರ್ಚಿಯಿಂದ ಎದ್ದು ಅವರಿಗೆ ಕೈ ಮುಗಿಯಬೇಕೆನಿಸಿತು. ಮುಗಿದೇಬಿಟ್ಟೆ. ಬೇರೆಯವರ ತಪ್ಪನ್ನು ಇಷ್ಟು ಹಗುರಾಗಿ ನಕ್ಕು ತಿದ್ದುವವರು ಎದುರಿಗೆ ಕೂತಿರುವುದು ನನ್ನ ಪುಣ್ಯ.

ಅಕ್ಕನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. "ಹುಚ್ಚಪ್ಪಾ!" ಎಂದು ಅಕ್ಕ ನಕ್ಕಳು. ನಗುತ್ತ ನಗುತ್ತ ಅಳತೊಡಗಿದಳು.

ಈ ಮಳೆಗಾಲದಲ್ಲಿ ಅಕ್ಕ ಹೊಸ ಮನೆಯ ಒಣ ಕುಣಿಯಲ್ಲಿ ಕಾಲಿಟ್ಟುಕೊಂಡು ನೇಯ್ದಳು. ಮಗ್ಗದಿಂದ ಇಳಿದ ಮೊದಲ ಸೀರೆಯನ್ನು ನನ್ನ ಕೈಗಿತ್ತು, "ಇದು ನಿಮ್ಮ ಮೇಡಮ್ಮಾರಿಗೆ" ಎಂದಳು. ಮನೆಗೆ ತಂದಾಗ ಹೆಂಡತಿ ಅದರ ಕೆಂಪು ಸೆರಗನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಮತ್ತೆ ಮೊದಲಿನಂತೆ ಮಡಚಿಟ್ಟಳು.

"ಮುಂದಿನ ಸಲ ತಪ್ಪ ಮಾಡಿದ್ರ ಮದಲ ನನಗ ತೋರಸ್ರಿ" ಎಂದಳು.