ಹೆರೆಮಣೆಯಿಂದ ಬಿಡುಗಡೆ ಕೇಳಿದ ಬೆನ್ನು

ನನ್ನ ಬೆನ್ನುನೋವು ಸುಳ್ಳಲ್ಲ; ಅದನ್ನು ಬಳಸಿಕೊಳ್ಳಲು ಹೊರಟ ರೀತಿ ಮಾತ್ರ ಅಷ್ಟು ಸರಿಯಲ್ಲ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಐವತ್ತೆಂಟು ದಾಟಿದವನಿಗೆ ದೇಹದ ಯಾವುದಾದರೊಂದು ಭಾಗ ಕೈಕೊಡುವುದು ಸಹಜ. ಕೈಕೊಟ್ಟ ಭಾಗದಿಂದ ಒಂದಿಷ್ಟು ಪ್ರಯೋಜನ ಪಡೆಯುವ ಆಸೆಯೂ ಸಹಜ. ನನ್ನ ಆಸೆ ಒಂದೇ, ತಗ್ಗಿನ ಮಣೆಯ ಮೇಲೆ ಬಾಗಿ ಕೂತು ತೆಂಗಿನಕಾಯಿ ಹೆರೆಯುವ, ಅಂದರೆ ತುರಿಯುವ, ಕೆಲಸದಿಂದ ಬಿಡುಗಡೆ. ಕಾಪುವಿನ ನಮ್ಮ ಮನೆಯಲ್ಲಿ ಮೀನಿದ್ದರೂ ಕಾಯಿ ಬೇಕು, ಇಲ್ಲದಿದ್ದರೆ ಇನ್ನೂ ಹೆಚ್ಚು ಬೇಕು. ಮದುವೆಯಾದ ಹೊಸತರಲ್ಲಿ ಹೆಂಡತಿ ವಿನೋದಳ ಮೇಲಿನ ಪ್ರೀತಿಯಿಂದ ಒಂದು ದಿನ ಹೆರೆಮಣೆಯ ಮೇಲೆ ಕೂತವನು ನಾನು, ಇವತ್ತಿನವರೆಗೆ ಏಳಲಾಗಿಲ್ಲ.

ಹಿರಿಯಡ್ಕದಲ್ಲಿ ಅಂಗಡಿ ಇಟ್ಟಿರುವ ಅವಳ ತಮ್ಮ ಸುಧಾಕರ ನನಗಿಂತ ಮೊದಲೇ ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಬೆನ್ನು ತೋರಿಸಿದ. ಅಲ್ಲಿ ಸೊಂಟಕ್ಕೆ ಒಂದು ಪಟ್ಟಿ ಕಟ್ಟಿ ಕಳುಹಿಸುತ್ತಾರೆ. ಒಂದು ವಾರ ನಾವು ಕೂತದ್ದು, ಬಾಗಿದ್ದು, ನಡೆದದ್ದು ಎಲ್ಲವನ್ನೂ ಅದು ದಾಖಲಿಸುತ್ತದೆ. ಕೃತಕ ಬುದ್ಧಿಮತ್ತೆ ಅದನ್ನೂ ಸ್ಕ್ಯಾನನ್ನೂ ಸೇರಿಸಿ ಓದಿ, ಯಾವ ಬೆನ್ನಿಗೆ ಯಾವ ಚಿಕಿತ್ಸೆ ಹೊಂದೀತು ಎಂದು ಡಾಕ್ಟರಿಗೆ ಸೂಚಿಸುತ್ತದೆ. ಸುಧಾಕರನ ಚೀಟಿಯ ಮೊದಲ ಸಾಲೇ, ತಗ್ಗಿನಲ್ಲಿ ಕೂತು ಬಾಗಬಾರದು ಎಂದಿತ್ತು. “ಭಾವ, ನನಗೆ ಹೆರೆಮಣೆ ಬಂದ್!” ಎಂದು ಅವನು ಫೋನಿನಲ್ಲಿ ಹೇಳಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಮರುದಿನವೇ ಮಣಿಪಾಲದ ಬಸ್ಸು ಹತ್ತಿದೆ.

ಪಟ್ಟಿ ಕಟ್ಟಿಸಿಕೊಂಡು ಬಂದವನು, ಯಂತ್ರಕ್ಕೆ ನನ್ನ ಕಷ್ಟ ಚೆನ್ನಾಗಿ ಅರ್ಥವಾಗಲಿ ಎಂದು ದಿನಕ್ಕೆ ಒಂದರ ಬದಲು ಮೂರು ಕಾಯಿ ಹೆರೆದೆ. ಗಟ್ಟಿಯಾಗಿ ನರಳಿದೆ, ಪಟ್ಟಿಗೆ ಕಿವಿ ಇಲ್ಲವೆಂದು ಆಮೇಲೆ ಗೊತ್ತಾಯಿತು. ನೋವು ಎಷ್ಟೆಂದು ಮೊಬೈಲು ಕೇಳಿದಾಗ ಹತ್ತಕ್ಕೆ ಹತ್ತು ಒತ್ತಿದೆ. ಉಳಿದ ಹೊತ್ತು ಆರಾಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ವಿಶ್ರಾಂತಿ. “ಎಂತ ಇದು, ಹೇಳದೆಯೇ ಕಾಯಿ ಹೆರೆಯುತ್ತೀರಿ?” ಎಂದು ವಿನೋದ ಅನುಮಾನಪಟ್ಟಳು. ನಿಜ ಹೇಳಬೇಕೆಂದರೆ ಒಳಗೊಳಗೆ ಹೆದರಿಕೆಯೂ ಇತ್ತು. ಬಸ್ ಸ್ಟ್ಯಾಂಡಿಗೆ ನಡೆಯುವಷ್ಟರಲ್ಲಿ ಕಾಲು ಜೋಮು ಹಿಡಿದು ಎರಡು ಸಲ ನಿಲ್ಲುತ್ತಿದ್ದೆ. ಆಪರೇಷನ್ ಎಂದುಬಿಟ್ಟರೆ?

ವಾರ ಕಳೆದ ಮೇಲೆ ಆಸ್ಪತ್ರೆಗೆ ಹೋಗುವಾಗ ವಿನೋದಳನ್ನೂ ಕರೆದುಕೊಂಡು ಹೋದದ್ದು ತಪ್ಪಾಯಿತು. ಡಾಕ್ಟರು ಕಾರ್ಕಳದ ಕಡೆಯ ಚಿಕ್ಕ ವಯಸ್ಸಿನ ಹೆಂಗಸು. “ಆಪರೇಷನ್ ಸದ್ಯಕ್ಕೆ ಬೇಡ,” ಎಂದಾಗ ಹೋದ ಜೀವ ಬಂದಂತಾಯಿತು. “ನಿಮ್ಮದು ನರ ಹಾದುಹೋಗುವ ದಾರಿ ಕಿರಿದಾದದ್ದು. ಹಿಂದಕ್ಕೆ ಒರಗಿದರೆ ಇನ್ನೂ ಕಿರಿದಾಗ್ತದೆ, ಮುಂದೆ ಬಾಗಿದರೆ ಸಡಿಲ ಆಗ್ತದೆ. ದಿನಾ ಬೆಳಿಗ್ಗೆ ಬಾಗಿ ಎಂತದೋ ಮಾಡ್ತೀರಿ ಅಲ್ವಾ? ನೋವು ಹತ್ತು ಅಂತ ಒತ್ತಿದ್ದೀರಿ, ಆದರೆ ಅದು ಮುಗಿಸಿ ಎದ್ದ ಕೂಡಲೇ ಎಲ್ಲಿಯೂ ನಿಲ್ಲದೆ ನಡೆದಿದ್ದೀರಿ.”

ಮೀನಿನವಳ ಕೂಗು ಕೇಳಿ ರಸ್ತೆಯ ತಿರುವಿನವರೆಗೆ ಓಡಿದ್ದೆ. ಯಂತ್ರ ಅದನ್ನೂ ಬಿಟ್ಟಿರಲಿಲ್ಲ.

“ಒರಗಿ ಕೂತ ಕುರ್ಚಿಯಿಂದ ಎದ್ದ ಮೇಲೆ ಮಾತ್ರ ನಾಲ್ಕು ಹೆಜ್ಜೆಗೊಮ್ಮೆ ನಿಂತಿದ್ದೀರಿ. ಬೆಳಿಗ್ಗೆಯದ್ದು ಎಂತ ಕೆಲಸ?”

ನಾನು ಗೋಡೆ ನೋಡಿದೆ. “ಕಾಯಿ ಹೆರೆಯುವುದು ಡಾಕ್ಟ್ರೇ,” ಎಂದಳು ವಿನೋದ.

“ಅದನ್ನು ಬಿಡಬೇಡಿ. ಕುರ್ಚಿ ಬಿಡಿ.”

“ನನ್ನ ಭಾವಮೈದನಿಗೆ ಬಾಗಲೇಬಾರದು ಅಂದಿದ್ದೀರಲ್ಲ!”

“ಅದು ಅವರ ಬೆನ್ನು. ಇದು ನಿಮ್ಮದು.”

ಆರಾಮ ಕುರ್ಚಿ ಈಗ ಹಿರಿಯಡ್ಕದಲ್ಲಿ ಸುಧಾಕರನ ಮನೆ ಸೇರಿದೆ. ಅವನು ಪ್ರತಿ ಭಾನುವಾರ ತನ್ನ ಮನೆಯ ಕಾಯಿಗಳನ್ನೂ, ಹೆರೆದದ್ದನ್ನು ತುಂಬಿಸಿಕೊಳ್ಳಲು ಡಬ್ಬಿಯನ್ನೂ ಹಿಡಿದುಕೊಂಡು ಬರುತ್ತಾನೆ. “ನಿಮ್ಮ ಬೆನ್ನಿಗೆ ಒಳ್ಳೆಯದಲ್ವಾ ಭಾವ?” ಎನ್ನುತ್ತಾನೆ. ಸಿಟ್ಟು ಬರುತ್ತದೆ. ಆದರೆ ಹೆರೆದು ಎದ್ದು, ಬಸ್ ಸ್ಟ್ಯಾಂಡಿನವರೆಗೆ ಒಮ್ಮೆಯೂ ನಿಲ್ಲದೆ ಅವನೊಡನೆ ನಡೆದು ಬಸ್ಸು ಹತ್ತಿಸಿ ಬರುತ್ತೇನೆ. ವಿನೋದಳಿಗೆ ಹೇಳಬೇಡಿ, ಮೊನ್ನೆ ಅವನು ಬಾರದ ಭಾನುವಾರ ನಾನೇ ಫೋನ್ ಮಾಡಿ ಕೇಳಿದೆ: “ಕಾಯಿ ಎಲ್ಲಿ ಮಾರಾಯ?”